ಹಳ್ಳದ ಕಲ್ಲು, ಅಕ್ಕನ ಬುನಾದಿ

ಮೊನ್ನೆ ಸಂಜೆ ಗೋಳಗುಮ್ಮಟದ ಹತ್ತಿರ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನ ಮೊಣಕೈ ತಾಗಿ ವಿನೆಗರ್ ಬಾಟಲಿ ಉರುಳಿತು. ಕಾದ ತಗಡಿನ ಮೇಲೆ ಅದು ಹರಿದು, ಚುಂಯ್ ಎಂದು ಹುಳಿ ಹೊಗೆ ಎದ್ದಿತು. ಸುತ್ತ ನಿಂತವರೆಲ್ಲ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಹಿಂದೆ ಸರಿದರು. ನಾನು ನಿಂತಲ್ಲೇ ನಿಂತೆ. ಆ ವಾಸನೆಗೆ ನನಗೆ ನೆನಪಾಗುವುದು ಅಡುಗೆಯಲ್ಲ, ಜೈನಾಪುರದ ಹಳ್ಳ. ಹಳ್ಳದ ದಂಡೆಯಲ್ಲಿ ಅರ್ಧಕ್ಕೆ ನಿಂತಿದ್ದ ಅಕ್ಕನ ಮನೆಯ ಬುನಾದಿ, ಅಂಗೈಯಲ್ಲಿ ಹಿಡಿದಿದ್ದ ಬೆರಳುಗುರಿನಷ್ಟು ಚಿಕ್ಕ ಕಲ್ಲಿನ ಶಂಖ, ಮತ್ತು ಆ ಮಳೆಗಾಲವಿಡೀ ಎದೆಯೊಳಗೆ ಕೂತಿದ್ದ ಒಂದು ಭಯ.

ಆಗ ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ವಿಜಯಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ನಾನು ಓದಿದ್ದು ಭೂವಿಜ್ಞಾನ. ಒಂದು ಕಾಲಕ್ಕೆ ಪಳೆಯುಳಿಕೆಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದವಳು. ಮದುವೆ, ಮಗು, ಕೈಗೆ ಬಂದ ಸರ್ಕಾರಿ ನೌಕರಿ ಎಂದು ಒಂದೊಂದಾಗಿ ನಡುವೆ ಬಂದವು. ಅದರಲ್ಲಿ ನನಗೆ ದೊಡ್ಡ ದುಃಖವೇನೂ ಇರಲಿಲ್ಲ. ಆದರೆ ಬಸ್ಸಿನ ಕಿಟಕಿಯಿಂದ ರಸ್ತೆಗಾಗಿ ಕಡಿದ ದಿಬ್ಬ ಕಂಡಾಗ, ಅದರ ಪದರಗಳನ್ನು ಮನಸ್ಸಿನಲ್ಲೇ ಓದಲು ಹೋಗಿ, ಹೆಸರು ನೆನಪಾಗದೆ ಸುಮ್ಮನಾಗುತ್ತಿದ್ದೆ. ಕಲಿತದ್ದೆಲ್ಲ ಸೋರಿಹೋಗಿದೆ ಅನಿಸುತ್ತಿತ್ತು.

ನನ್ನ ಅಕ್ಕ ಕಸ್ತೂರಿಯನ್ನು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಕೊಟ್ಟಿದ್ದರು. ಭಾವ ತೀರಿಕೊಂಡ ಮೇಲೆ ಅವಳ ಪಾಲಿಗೆ ಹಳ್ಳದ ದಂಡೆಯ ಹೊಲ ಬಂದಿತ್ತು. ಅದರಲ್ಲಿ ಭಾವನೇ ಹಚ್ಚಿದ್ದ ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿ ತೋಟ. ಅಕ್ಕ ಇದ್ದದ್ದು ಮಾತ್ರ ಊರೊಳಗೆ, ಮೈದುನ ಶಿವಪ್ಪನ ದೊಡ್ಡ ಮನೆಯ ಒಂದು ಖೋಲಿಯಲ್ಲಿ. ಅಲ್ಲಿ ಯಾರೂ ಅವಳನ್ನು ನೋಯಿಸುತ್ತಿರಲಿಲ್ಲ. ಆದರೂ ಮನೆಯ ಒಲೆಯ ಮೇಲೆ ತನಗೆ ಬೇಕಾದ ಹೊತ್ತಿಗೆ ಒಂದು ಕಪ್ ಚಹಾ ಇಡುವುದಕ್ಕೂ ಅವಳು ಇನ್ನೊಬ್ಬರ ಮುಖ ನೋಡಬೇಕಿತ್ತು. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿಯಿತೆಂದರೆ ಮುಂದೆ ಪಡ ಬಿಟ್ಟು ಕದಲುವ ಹಾಗಿಲ್ಲ. ಮೋಡ ಕವಿದರೆ ಔಷಧ, ಇಬ್ಬನಿ ಬಿದ್ದರೆ ಔಷಧ. ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ ನಡೆದು ಅವಳ ಕಾಲು ಬಾತುಹೋಗುತ್ತಿದ್ದವು. ಹೊಲದಲ್ಲೇ ಎರಡು ಖೋಲಿಯ ಮನೆ ಕಟ್ಟುತ್ತೇನೆ ಎಂದು ಅವಳು ಕೇಳಿಕೊಂಡೇ ಬಂದಿದ್ದಳು. ಒಬ್ಬಂಟಿ ಹೆಂಗಸು ಹಳ್ಳದ ದಂಡೆಯಲ್ಲಿ ಹೇಗಿರುತ್ತಾಳೆ ಎಂದು ಶಿವಪ್ಪ ತಳ್ಳುತ್ತಲೇ ಬಂದಿದ್ದ. ಕಡೆಗೆ ಆ ವರ್ಷ ಅವನು ಹೂಂ ಅಂದ. ಅಕ್ಕ ಮರುದಿನವೇ ಗೌಂಡಿ ಬಸಣ್ಣನನ್ನು ಕರೆಸಿ, ಹಗ್ಗ ಹಿಡಿಸಿ, ಬುನಾದಿ ತೆಗೆಸಲು ಶುರುಮಾಡಿದಳು. ಮೈದುನನ ಮನಸ್ಸು ಬದಲಾದೀತು ಎಂಬ ಅವಸರ ಅವಳಿಗೆ.

ಬುನಾದಿ ಅರ್ಧ ಆಗಿತ್ತು. ಸಪ್ಟೆಂಬರ್ ಬಂದದ್ದೇ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದರೆ ಹೀಗೆ, ತಿಂಗಳಾನುಗಟ್ಟಲೆ ಮರೆತಿದ್ದವರು ಒಮ್ಮೆಲೇ ನೆನಪಾಗಿ ಬಂದ ಹಾಗೆ. ಹಳ್ಳ ಎರಡೂ ದಂಡೆ ತುಂಬಿ ಹರಿಯಿತು. ತೆಗೆದಿದ್ದ ಬುನಾದಿಗೆ ನೀರು ನುಗ್ಗಿ, ಮಣ್ಣು ತೊಳೆದುಕೊಂಡು ಹೋಯಿತು. ನೀರು ಇಳಿದ ಮೇಲೆ ಬಸಣ್ಣ ಹೋಗಿ ನೋಡಿದರೆ, ತಳದಲ್ಲಿ ತೆಂಗಿನಕಾಯಿ ಗಾತ್ರದ ಗುಂಡು ಗುಂಡಾದ ಬಿಳಿ ಕಲ್ಲುಗಳು ಸಾಲಾಗಿ ಕೂತಿದ್ದವು. ಯಾರೋ ಜೋಡಿಸಿ ಇಟ್ಟ ಹಾಗೆ.

ನನಗೆ ವಿಷಯ ತಿಳಿದದ್ದು ಸಾಲಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹೆಡ್ಮಾಸ್ತರರು ಮೊಬೈಲು ಹಿಡಿದುಕೊಂಡು ಬಂದರು.

"ಟೀಚರ್ರ, ಇದು ನಿಮ್ಮ ಅಕ್ಕಾರ ಹೊಲ ಅಲ್ಲೇನ್ರಿ?"

ವಿಡಿಯೋದಲ್ಲಿ ಅಕ್ಕನ ಬುನಾದಿ. ಹಿಂದೆ ಅವಳದೇ ದ್ರಾಕ್ಷಿ ಪಡ. ಯಾರೋ ಜೋರು ಧ್ವನಿಯಲ್ಲಿ ಹೇಳುತ್ತಿದ್ದ: "ಜೈನಾಪುರದಾಗ ಡೈನೋಸಾರ್ ತತ್ತಿ ಸಿಕ್ಕಾವು! ನೋಡ್ರಿ, ಕೋಟಿ ಕೋಟಿ ವರ್ಷದ ತತ್ತಿ!"

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಮೊದಲು ಬಂದದ್ದು ಅಕ್ಕನ ಚಿಂತೆಯಲ್ಲ. ಇದ್ದರೂ ಇರಬಹುದೇ ಎಂಬ ಆಸೆ. ಎಷ್ಟೋ ವರ್ಷದ ಹಿಂದೆ ಒಳಗೆ ಮಲಗಿದ್ದ ಹುಡುಗಿ ಥಟ್ಟನೆ ಎದ್ದು ಕೂತ ಹಾಗಾಯಿತು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಸುಧಾ, ಲಗೂನ ಬಾ ಬೇ. ಮಂದಿ ನೋಡಿದ್ರ ಜೀವ ಹೋಗಾಕತ್ತೈತಿ. ಪಡದಾಗ ಗಾಡಿ ಹೊಡ್ಕೊಂಡು ಬರಾಕತ್ತಾರ. ಬ್ಯಾಡಂದ್ರ ಕೇಳವಲ್ರು."

ಆ ಸಂಜೆ ನಾನು ಹೋಗುವ ಹೊತ್ತಿಗೆ ಬಬಲೇಶ್ವರದವರು, ತಿಕೋಟಾದವರು, ವಿಜಯಪುರದಿಂದಲೂ ಬೈಕು ಹತ್ತಿ ಬಂದವರು ದಂಡೆಯ ತುಂಬ ನಿಂತಿದ್ದರು. ಅಕ್ಕ ಪಡದ ಬಾಯಿಗೆ ಮುಳ್ಳು ಎಳೆದು, ಕೈಯಲ್ಲಿ ಒಂದು ಬಡಿಗೆ ಹಿಡಿದುಕೊಂಡು ಕೂತಿದ್ದಳು. ಊರ ತಲಾಟಿಯೂ ಬಂದಿದ್ದರು. ಕಂದಾಯದ ಕಾಗದ ನೋಡುವ ಮೆತ್ತನೆಯ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ. ಅವರಿಗೇ ಈ ಗದ್ದಲದಿಂದ ಬೆವರು ಹರಿಯುತ್ತಿತ್ತು.

"ನೋಡ್ರಿ ಅಕ್ಕಾರ, ನಾ ಹಿಂಗಂತನೂ ಅಂದಿಲ್ಲ, ಹಂಗಂತನೂ ಅಂದಿಲ್ಲ. ತಿಳದವ್ರು ಯಾರರೆ ಬಂದು ಹೇಳೂತನಕ ಬುನಾದಿ ಮುಟ್ಟಬ್ಯಾಡ್ರಿ. ನಾಳೆ ಮ್ಯಾಲಿನವ್ರು ಕೇಳಿದ್ರ ನಾ ಏನ್ ಹೇಳ್ಲಿ?"

"ನಮ್ಮ ತಂಗಿನ ಇದನ್ನ ಓದ್ಯಾಳ್ರಿ ಸಾಹೇಬ್ರ," ಅಂದಳು ಅಕ್ಕ.

"ನಿಮ್ಮ ತಂಗಿ ಅನ್ನೂದ ತೊಂದ್ರಿ ಆತಲ್ರಿ. ಅವ್ರು ಕಲ್ಲ ಅಂದ್ರ, ಅಕ್ಕನ ಸಲುವಾಗಿ ಅಂದ್ರು ಅಂತಾರ ಮಂದಿ."

ಅದು ನ್ಯಾಯದ ಮಾತೇ ಆಗಿತ್ತು. ನಾನು ಬುನಾದಿಗೆ ಇಳಿದು ಹತ್ತಿರದಿಂದ ನೋಡಿದೆ. ಕಲ್ಲುಗಳ ಮೈಮೇಲೆ ಬಿಳಿ ಸಿಪ್ಪೆ ಇತ್ತು, ಮೊಟ್ಟೆಯ ಸಿಪ್ಪೆಯ ಹಾಗೇ ತೆಳ್ಳಗೆ. ಒಂದೆರಡು ಕಡೆ ಅದು ಚಕ್ಕೆ ಎದ್ದಿತ್ತು. ನನ್ನ ಬುದ್ಧಿ ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ಮೊಟ್ಟೆ ಇರಬೇಕಾದರೆ ಕೆಸರೋ ಮರಳೋ ಗಟ್ಟಿಯಾದ ಪದರ ಇರಬೇಕು. ಇಲ್ಲಿದ್ದದ್ದು ನಮ್ಮ ಕಡೆಯ ಕಪ್ಪು ಕಲ್ಲು ಪುಡಿಯಾದ ಗರಸು. ಆದರೆ ಆ ಸಿಪ್ಪೆ!

ಬಿದ್ದಿದ್ದ ಒಂದು ಚಕ್ಕೆ ಎತ್ತಿಕೊಂಡೆ. ಮರುದಿನ ವಿಜಯಪುರದ ಅಂಗಡಿಯಿಂದ ವಿನೆಗರ್ ಬಾಟಲಿ ತಂದೆ. ಪ್ರಯೋಗಶಾಲೆ ಇಲ್ಲದವರಿಗೆ ಅದೇ ಆಸರೆ. ಸುಣ್ಣದಂಶ ಇರುವ ಕಲ್ಲಿಗೆ ಬಿದ್ದರೆ ನೊರೆ ಬರುತ್ತದೆ. ಅಕ್ಕನ ಖೋಲಿಯಲ್ಲಿ, ಅವಳ ಎದುರಿಗೇ, ಚಕ್ಕೆಯ ಮೇಲೆ ಎರಡು ಹನಿ ಬಿಟ್ಟೆ. ಸುರ್ರ್ ಎಂದು ನೊರೆ ಉಕ್ಕಿತು.

"ಏನಾತು?" ಅಕ್ಕ ನನ್ನ ಮುಖ ನೋಡುತ್ತಿದ್ದಳು.

"ಸುಣ್ಣ ಐತಿ."

"ಸುಣ್ಣ ಇದ್ರ ತತ್ತಿನೋ, ಕಲ್ಲೋ?"

"ತತ್ತಿ ಸಿಪ್ಪಿನೂ ಸುಣ್ಣನ, ಅಕ್ಕಾ. ನೆಲದಾಗ ಬೆಳಿಯೋ ಸುಣ್ಣದ ಕಲ್ಲೂ ಸುಣ್ಣನ. ಒಡದು ಒಳಗ ನೋಡೂತನಕ ಹೇಳಾಕ ಬರಂಗಿಲ್ಲ."

ಒಡೆಯುವುದು ಹೇಗೆ? ತಲಾಟಿ ಮುಟ್ಟಬೇಡಿ ಅಂದಿದ್ದರು. ಅದು ಸಾಲದೆಂದು ಶಿವಪ್ಪ ಇನ್ನೊಂದು ಕೆಲಸ ಮಾಡಿಬಿಟ್ಟಿದ್ದ. ಅವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದು, ಸಾಲಿನ ಮೊದಲ ಕಲ್ಲಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದಿದ್ದ. ಆಮೇಲೆ ಅತ್ತಿಗೆಯ ಕಡೆ ತಿರುಗಿ ಅಂದ:

"ವೈನಿ, ಕಲ್ಲ ಹಿಂಗ ಸಾಲ ಹಿಡದು ತಾವ ಏಳ್ತಾವೇನು? ದೇವ್ರು ಏನರೆ ಹೇಳಾಕತ್ತಾನ. ಇಲ್ಲಿ ಮನಿ ಬ್ಯಾಡ ಅನ್ನಾಕತ್ತಾನಂತ ನನಗ ಅನಸ್ತೈತಿ."

ಅಕ್ಕನ ಎರಡೂ ಕಡೆಯ ದಾರಿ ಕಟ್ಟಿಹೋಗಿತ್ತು. ಮೊಟ್ಟೆಯೆಂದಾದರೆ ಸರ್ಕಾರ ಬೇಲಿ ಹಾಕುತ್ತದೆ, ದೇವರೆಂದಾದರೆ ಊರು ಗುಡಿ ಕಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಅವಳ ಒಲೆಗೆ ಜಾಗವಿಲ್ಲ. ಅವತ್ತು ಅವಳು ಊಟ ಮಾಡದೆ ಮಗ್ಗುಲಾದಳು.

ಧಾರವಾಡದಲ್ಲಿ ನನಗೆ ಕಲಿಸಿದ್ದ ವಿಮಲಾ ಮೇಡಂಗೆ ಫೋನು ಮಾಡಿದೆ. ನಿವೃತ್ತರಾಗಿದ್ದರು. ಇಷ್ಟು ವರ್ಷದ ಮೇಲೆ ನನ್ನ ಗುರುತು ಹಿಡಿಯುತ್ತಾರೋ ಇಲ್ಲವೋ ಎಂದು ಅಳುಕಿತ್ತು. "ಸುಧಾ, ಹಿಂದಿನ ಬೆಂಚ್, ಕೈಯಾಗ ಯಾವಾಗ್ಲೂ ಕಲ್ಲು," ಅಂದರು. ಕಣ್ಣು ತುಂಬಿಬಂತು. ಫೋಟೋ ಕಳಿಸಿದೆ. ನೋಡಿ ಅವರು ಹೇಳಿದ್ದು ಇಷ್ಟೇ: "ಫೋಟೋ ನೋಡಿ ನಾ ಏನೂ ಹೇಳಂಗಿಲ್ಲ. ಮಳಿ ಕಡಿಮಿ ಆಗಲಿ, ಬಂದೇ ನೋಡ್ತೀನಿ. ಅಷ್ಟರಾಗ ನೀನು ಹಳ್ಳಕ್ಕ ಇಳಿ. ಹಳ್ಳದ ಕಲ್ಲು ಮೇಲಿನ ಸೀಮೆಯ ಸುದ್ದಿ ಎಲ್ಲಾ ಹೇಳ್ತಾವು."

ಭಾನುವಾರ ಹಳ್ಳಕ್ಕೆ ಇಳಿದೆ. ನೀರು ಪಾದ ಮುಳುಗುವಷ್ಟಿತ್ತು. ಕಪ್ಪು ಕಲ್ಲು, ಕೆಂಪು ಕಲ್ಲು, ಸುಣ್ಣದ ಗುಂಡು, ಗಾಜಿನಂತೆ ಹೊಳೆಯುವ ಬಿಳಿ ಹರಳು ಎಲ್ಲ ಕಲೆತ ರಾಶಿ. ಬಿಸಿಲು ಏರಿತು. ಸೊಂಟ ಹಿಡಿಯಿತು. ಇನ್ನು ಸಾಕು ಅಂದುಕೊಳ್ಳುವಾಗ ಒಂದು ಬೂದು ಬಣ್ಣದ ಚಕಮಕಿ ಕಲ್ಲು ಕೈಗೆ ಬಂತು. ತೊಳೆದು ತಿರುಗಿಸಿದೆ. ಮೈತುಂಬ ಚಿಕ್ಕ ಚಿಕ್ಕ ಶಂಖಗಳು. ಕೆಲವು ಅಡ್ಡ ಕೊಯ್ದ ಹಾಗೆ, ಕೆಲವು ಉದ್ದಕ್ಕೆ ಕೊಯ್ದ ಹಾಗೆ. ಒಂದಂತೂ ಇಡಿಯಾಗಿ ಎದ್ದು ನಿಂತಿತ್ತು.

ನಾನು ನೀರಲ್ಲೇ ಕೂತುಬಿಟ್ಟೆ. ಸೀರೆ ನೆನೆದದ್ದೂ ತಿಳಿಯಲಿಲ್ಲ.

ಬಸವನಹುಳುವಿನ ಚಿಪ್ಪು ಎಲ್ಲ ಹಳ್ಳದಲ್ಲೂ ಸಿಗುತ್ತದೆ, ಹೋದ ವರ್ಷ ಸತ್ತದ್ದೂ ಇರುತ್ತದೆ. ಆದ್ದರಿಂದ ಮೊದಲು ವಿನೆಗರ್. ದಂಡೆಯಲ್ಲಿ ಬಿದ್ದಿದ್ದ ಮಾಮೂಲಿ ಚಿಪ್ಪಿಗೆ ಹಾಕಿದರೆ ನೊರೆ ಬಂತು. ಈ ಕಲ್ಲಿನ ಶಂಖಕ್ಕೆ ಹಾಕಿದರೆ ಏನೂ ಇಲ್ಲ, ನೀರು ಹಾಕಿದ ಹಾಗೆ ಸುಮ್ಮನಿತ್ತು. ಸುಣ್ಣ ಎಂದೋ ಕರಗಿ, ಅದರ ಜಾಗದಲ್ಲಿ ಚಕಮಕಿ ತುಂಬಿಕೊಂಡು ಕಲ್ಲೇ ಆಗಿತ್ತು. ಆಮೇಲೆ ಸುರುಳಿಯ ತುದಿ ಮೇಲೆ ಮಾಡಿ, ಬಾಯಿ ನನ್ನ ಕಡೆ ತಿರುಗಿಸಿ ಹಿಡಿದೆ. ಹೆಚ್ಚಿನ ಶಂಖಗಳ ಬಾಯಿ ಬಲಕ್ಕೆ ತೆರೆಯುತ್ತದೆ. ಇದರದು ಎಡಕ್ಕೆ. ಎಡಕ್ಕೆ ತಿರುಗಿದ ಸುರುಳಿ, ಉಬ್ಬಿದ ಹೊಟ್ಟೆ, ಮೊಂಡು ತುದಿ. ಹೆಸರು ತಾನಾಗಿ ಬಾಯಿಗೆ ಬಂತು: ಫೈಸಾ. ಈ ಸೀಮೆಯ ಮೇಲೆ ಬೆಂಕಿಯ ಲಾವಾ ಹರಿದು, ಆರಿ, ಮತ್ತೆ ಹರಿಯುವ ನಡುವಿನ ಬಿಡುವಿನಲ್ಲಿ ಇಲ್ಲಿ ಸಿಹಿನೀರಿನ ಕೆರೆಗಳಿದ್ದವು. ಆ ಕೆರೆಯ ಹುಳು. ಮೇಡಂ ಪಾಠ ಮಾಡಿದ ಧ್ವನಿಯೂ ಸೇರಿ ಎಲ್ಲ ವಾಪಸು ಬಂತು.

ಓಡಿಹೋಗಿ ಅಕ್ಕನಿಗೆ ತೋರಿಸಿದೆ. ಅವಳು ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮುಖ ಕಪ್ಪಿಟ್ಟಿತು.

"ಅಂದ್ರ ಇಲ್ಲಿ ಖರೇನ ಹಳೇ ಕಾಲದ್ದು ಏನೋ ಐತಿ."

"ಹೂಂ ಅಕ್ಕಾ. ಆದ್ರ ಇದು ತತ್ತಿ ಅಲ್ಲ, ಶಂಖದ ಹುಳ."

"ಹುಳ ಇದ್ದಲ್ಲಿ ತತ್ತಿನೂ ಅದಾವ ಅಂತಾರ. ಒಗದ್ಬಿಡ ಇದನ್ನ. ಹಳ್ಳಕ್ಕ ಒಗದ್ಬಿಡ ಸುಧಾ. ಯಾರೂ ನೋಡಿಲ್ಲ."

ನಾನು ಕಲ್ಲನ್ನು ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳಿಗೆ ಸಿಟ್ಟು ಬಂತು. "ನಿನಗ ನಿನ್ನ ಕಲ್ಲಿನ ಹುಚ್ಚು. ನಂದು ಮನಿ ಬೇ, ಮನಿ!" ಎಂದು ಕೂಗಿದಳು. ಪಡದ ಆಚೆ ಕೆಲಸ ಮಾಡುತ್ತಿದ್ದವರು ತಿರುಗಿ ನೋಡಿದರು. ಅಕ್ಕ ನನ್ನ ಮೇಲೆ ಕೂಗಿದ್ದು ಬಹುಶಃ ನಾನು ಚಿಕ್ಕವಳಿದ್ದಾಗ ಅವಳ ಬಳೆ ಒಡೆದದ್ದಕ್ಕೆ, ಆಮೇಲೆ ಅವತ್ತೇ.

ನಾನೂ ಗಟ್ಟಿ ದನಿಯಲ್ಲಿಯೇ ಹೇಳಿದೆ. "ಒಗದ್ರ ಇದು ಹೋಗಂಗಿಲ್ಲ. ಹಳ್ಳದಾಗ ಇನ್ನೂ ಅದಾವ. ಇವತ್ತು ನಾ ನೋಡೀನಿ, ನಾಳೆ ಮತ್ತೊಬ್ರು ನೋಡ್ತಾರ. ಇದು ಎಲ್ಲಿಂದ ಉರುಳಿ ಬಂದೈತಿ ಅನ್ನೂದು ತಿಳಕೋಬೇಕು. ನಿನ್ನ ಹೊಲದಾಗಿಂದಲ್ಲ ಅಂತ ತಿಳದ್ರ ಯಾರೂ ನಿನ್ನ ಬುನಾದಿ ಮುಟ್ಟಂಗಿಲ್ಲ."

"ನನ್ನ ಹೊಲದಾಗಿಂದನ ಅಂತ ತಿಳದ್ರ?"

ನನಗೂ ಅದೇ ಹೆದರಿಕೆ. ಎಂಥ ಪೇಚು ನೋಡಿ: ಆ ಪದರ ಸಿಗಲಿ ಎಂದು ಜೀವ ಹಾತೊರೆಯುತ್ತಿತ್ತು, ಅಕ್ಕನ ಹೊಲದ ಬಾಂದಿನೊಳಗೆ ಮಾತ್ರ ಸಿಗದಿರಲಿ ಎಂದು ಮನೆದೇವರಿಗೆ ಬೇಡಿಕೊಳ್ಳುತ್ತಿದ್ದೆ.

ಅಕ್ಕ ಎದ್ದು, ಪಡದ ಮೂಲೆಯ ಗುಡಿಸಲಿನಿಂದ ಮೊರ ತಂದಳು. "ನಡಿ. ಏನ್ ಆಗೂದೈತಿ ಆಗ್ಲಿ. ಗೊತ್ತಿಲ್ದ ಕುಂದ್ರೂದು ನನ್ನ ಕಡಿಂದ ಆಗವಲ್ದು."

ಮುಂದಿನ ಭಾನುವಾರಗಳು, ರಜೆಯ ದಿನಗಳು ಹಾಗೇ ಹೋದವು. ಹಳ್ಳದ ಒಂದೊಂದು ತಿರುವಿನಲ್ಲಿ ನಿಂತು, ಒಂದು ಮೊರ ಗರಸು ಎತ್ತಿ, ಜೋಳ ಹಸನು ಮಾಡುವ ಹಾಗೆ ಅಕ್ಕ ಕೇರುವಳು. ಮಣ್ಣು ಹಾರಿ, ಕಲ್ಲು ಉಳಿಯುವುದು. ಚಕಮಕಿ ಚೂರುಗಳನ್ನು ನಾನು ಆರಿಸಿ, ತೊಳೆದು, ಭೂತಗನ್ನಡಿಯಲ್ಲಿ ನೋಡುವೆನು. ಮೊದಮೊದಲು ಅಕ್ಕ ಮುಖ ಗಂಟುಹಾಕಿಕೊಂಡೇ ಇದ್ದಳು. ಮೂರನೆಯ ಸಲಕ್ಕೋ ಏನೋ, ಭೂತಗನ್ನಡಿ ತಾನೇ ಇಸಿದುಕೊಂಡು ನೋಡಿದಳು. "ಇದರ ಬಾಯಿ ಬಲಕ್ಕೈತಿ," ಅಂದಳು. ನೋಡಿದರೆ ಹೌದು, ಅದು ಬೇರೆ ಜಾತಿಯದು, ಗುಂಡಗೆ, ದಪ್ಪ ಸುರುಳಿಯದು. ಇನ್ನೊಮ್ಮೆ ಸಾಸಿವೆಯಷ್ಟು ಚಿಕ್ಕ ಕಾಳೊಂದು ಸಿಕ್ಕಿತು. ಅದರ ಮೈಮೇಲೆ ಸುತ್ತಿ ಸುತ್ತಿ ಬಂದ ಗೆರೆಗಳು. ಇದು ಹುಳುವಲ್ಲ, ಕೆರೆಯ ತಳದಲ್ಲಿ ಬೆಳೆಯುವ ಪಾಚಿಯಂಥ ಗಿಡದ ಬೀಜ ಎಂದು ಹೇಳಿದೆ. "ಬೀಜಾನೂ ಕಲ್ಲ ಆಗ್ತಾವ?" ಎಂದು ಅಕ್ಕ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದಳು. ಗಾಳಿಗೆ ಅದು ಹಾರಿಹೋಯಿತು. ಇಬ್ಬರೂ ಮೊಣಕಾಲೂರಿ ಹುಡುಕಿ, ಸಿಗದೆ, ನಕ್ಕೆವು. ಆ ಮಳೆಗಾಲದಲ್ಲಿ ಅಕ್ಕ ನಕ್ಕದ್ದು ಅದೇ ಮೊದಲು.

ಮೇಲಕ್ಕೆ ಹೋದಂತೆ ಚಕಮಕಿ ಹೆಚ್ಚುತ್ತಿತ್ತು. ಅಕ್ಕನ ಹೊಲದ ಎದುರು ಸಿಕ್ಕವು ಉರುಳಿ ಉರುಳಿ ಮೈ ನುಣ್ಣಗಾಗಿದ್ದ ಚಿಕ್ಕ ಚೂರುಗಳು. ಮೇಲಿನ ತಿರುವಿನಲ್ಲಿ ಸಿಕ್ಕವು ದೊಡ್ಡವು, ಅಂಚು ಇನ್ನೂ ಚೂಪು. ಹತ್ತಿರ ಬರುತ್ತಿದ್ದೇವೆ ಎಂಬುದಕ್ಕೆ ಅದೇ ಗುರುತು. ಎರಡು ಹಳ್ಳ ಕೂಡುವಲ್ಲಿ ಬಲಗಡೆಯದರಲ್ಲಿ ಒಂದೂ ಇಲ್ಲ, ಎಡಗಡೆಯದಕ್ಕೆ ತಿರುಗಿದೆವು. ಜಾಲಿಕಂಟಿಯ ನಡುವೆ ಬಗ್ಗಿ ಹೋಗಬೇಕಿತ್ತು. ಅಕ್ಕ ಮುಂದೆ, ನಾನು ಹಿಂದೆ. ಒಂದು ಕಡೆ ಅವಳು ನಿಂತಳು.

"ಸುಧಾ, ಇಲ್ಲಿಂದ ಮ್ಯಾಲ ಕಲ್ಲ ಇಲ್ಲ."

ನಿಜ. ಅಲ್ಲಿಂದ ಮೇಲೆ ಹಳ್ಳದ ತಳದಲ್ಲಿ ಚಕಮಕಿಯ ಸುಳಿವೇ ಇರಲಿಲ್ಲ. ತಲೆಯೆತ್ತಿ ದಂಡೆ ನೋಡಿದೆ. ಮಳೆಗೆ ದಂಡೆ ಜರಿದಿತ್ತು. ಕೆಳಗೆ ಕಪ್ಪು ಕಲ್ಲು, ಅದರ ಮೇಲೆ ಇಟ್ಟಂಗಿ ಬಣ್ಣದ ಮಣ್ಣು, ಅದರ ಮೇಲೆ ಗೇಣು ದಪ್ಪದ ಬೂದು ಪಟ್ಟಿ, ಮತ್ತೆ ಅದರ ಮೇಲೆ ಕಪ್ಪು ಕಲ್ಲು. ಎರಡು ರೊಟ್ಟಿಯ ನಡುವೆ ಹಚ್ಚಿದ ಶೇಂಗಾ ಹಿಂಡಿಯ ಹಾಗೆ ಇತ್ತು ಆ ಪಟ್ಟಿ. ಕೈಯಿಟ್ಟು ತಡವಿದೆ. ಶಂಖಗಳು ಬೆರಳಿಗೆ ಚುಚ್ಚಿದವು.

ಅಕ್ಕ ಕೇಳಿದ್ದು ಒಂದೇ ಮಾತು. "ಇದು ಯಾರ ಜಾಗಾ?"

ಸುತ್ತ ನೋಡಿದೆವು. ಮೇಲೆ ಊರ ದನಗಳು ಮೇಯುತ್ತಿದ್ದವು. ಗಾಯರಾಣ, ಅಂದರೆ ದನ ಮೇಯಲೆಂದು ಬಿಟ್ಟ ಸರ್ಕಾರಿ ಜಾಗ. ಅಕ್ಕನ ಬಾಂದು ಅಲ್ಲಿಂದ ಕಣ್ಣಿಗೂ ಕಾಣುತ್ತಿರಲಿಲ್ಲ. ಅಕ್ಕ ಜಾಲಿಯ ನೆರಳಿನಲ್ಲಿ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಸೆರಗು ತೆಗೆದಾಗ ನೋಡಿದರೆ, ಬರೀ ಬೆವರು ಒರೆಸಿಕೊಂಡಿದ್ದಳು.

"ಅರ್ಧಾ ಭಾರ ಇಳೀತು. ಇನ್ನ ಆ ಗುಂಡಗಲ್ಲಿಂದೊಂದು ಐತಿ," ಅಂದಳು.

ವಿಮಲಾ ಮೇಡಂ ಬಂದದ್ದು ಅಕ್ಟೋಬರಿನ ಮೊದಲ ವಾರ, ಚಾಟ್ನಿಗೆ ಇನ್ನು ಸ್ವಲ್ಪವೇ ದಿನ ಇರುವಾಗ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಗಲಿಗೆ ಅದೇ ಹಳೆಯ ಕ್ಯಾನ್ವಾಸ್ ಚೀಲ. ಅಕ್ಕ ಅವರಿಗೆ ಚಹಾ ಕೊಡಲು ಹೋದರೆ, "ಮೊದಲು ಕೆಲಸ, ಆಮೇಲೆ ಚಹಾ" ಎಂದು ನೇರ ಬುನಾದಿಗೆ ಇಳಿದರು. ತಲಾಟಿ, ಶಿವಪ್ಪ, ಗೌಂಡಿ ಬಸಣ್ಣ, ಊರ ನಾಲ್ವರು ಹಿರಿಯರು ಸುತ್ತ ನಿಂತರು. ಮಾಲೆ ಹಾಕಿದ್ದ ಕಲ್ಲನ್ನು ಮೇಡಂ ಮುಟ್ಟಲಿಲ್ಲ. ಉಳಿದವುಗಳ ಸಿಪ್ಪೆಯನ್ನು ಕಣ್ಣಿಗೆ ಭೂತಗನ್ನಡಿ ಹಚ್ಚಿ ಒಂದೊಂದಾಗಿ ನೋಡಿದರು.

"ಸುಧಾ, ನೀನೇ ಹೇಳು. ಇದರಾಗ ಉಸಿರಾಡೋ ರಂಧ್ರ ಕಾಣ್ತಾವೇನು?"

ನೋಡಿದೆ. ಮೊಟ್ಟೆಯ ಚಿಪ್ಪಿನಲ್ಲಿ ಗಾಳಿ ಆಡುವ ಸಣ್ಣ ತೂತುಗಳಿರುತ್ತವೆ. ಇಲ್ಲಿ ಒಂದೂ ಇಲ್ಲ. ಬದಲಿಗೆ ಸುಣ್ಣದೊಳಗೆ ಮರಳಿನ ಕಣ, ಕೂದಲೆಳೆಯಂಥ ಬೇರಿನ ಗುರುತು ಸಿಕ್ಕಿಕೊಂಡಿದ್ದವು.

"ಇಲ್ರಿ ಮೇಡಂ. ಬೇರಿನ ಗುರುತು ಅದಾವ."

"ತಲಾಟಿ ಸಾಹೇಬ್ರ, ಒಂದು ಒಡಿಲೇನ್ರಿ?"

ತಲಾಟಿ ಶಿವಪ್ಪನ ಕಡೆ ನೋಡಿದರು. ಶಿವಪ್ಪ ಮಾಲೆ ಹಾಕಿದ್ದ ಕಲ್ಲಿನ ಕಡೆ ನೋಡಿ, "ಅದನ್ನೊಂದು ಬಿಟ್ಟು ಯಾವುದರೆ ಒಡೀರಿ," ಅಂದ. ಬಸಣ್ಣ ತುದಿಯ ಕಲ್ಲಿಗೆ ಸುತ್ತಿಗೆ ಬೀಸಿದ. ಮೊದಲ ಪೆಟ್ಟಿಗೆ ಬಿಳಿ ಸಿಪ್ಪೆ ಉದುರಿತು. ಎರಡನೆಯ ಪೆಟ್ಟಿಗೆ ಒಂದು ಪದರ ಕಳಚಿತು, ಅದರೊಳಗೆ ಇನ್ನೊಂದು ಪದರ. ಮೂರನೆಯ ಪೆಟ್ಟಿಗೆ ಇಬ್ಭಾಗವಾಯಿತು. ಒಳಗೆ ಕಪ್ಪು ಕಲ್ಲು. ನಮ್ಮ ಬಾವಿಗಳಲ್ಲಿ, ನಮ್ಮ ಗೋಡೆಗಳಲ್ಲಿ, ನಮ್ಮ ಹೊಲದ ಒಡ್ಡಿನಲ್ಲಿ ಇರುವ ಅದೇ ಕಪ್ಪು ಕಲ್ಲು.

ಮೇಡಂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನೆಲದೊಳಗ ಈ ಕಲ್ಲು ಉಳ್ಳಾಗಡ್ಡಿ ಸುಲಿದಂಗ ಪದರು ಪದರಾಗಿ ಸವೀತಾ ಹೋಗ್ತದ. ನಡುವಿನ ಗಟ್ಟಿ ಗುಂಡು ಉಳೀತದ. ಕಲ್ಲಿನ ಬಿರುಕು ಸಾಲಾಗಿ ಇರ್ತಾವ, ಹಂಗಾಗಿ ಗುಂಡೂ ಸಾಲಾಗಿ ಕೂಡ್ತಾವ. ಮೇಲೆ ಮಣ್ಣಿನ ಸುಣ್ಣ ಇಳಿದು ಸಿಪ್ಪೆ ಕಟ್ಟೇದ. ತತ್ತಿ ಅಲ್ಲರಿ. ಬೇಕಾದ್ರ ಬರೆದು ಸಹಿ ಮಾಡಿ ಕೊಡ್ತೀನಿ."

ತಲಾಟಿ ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಬಾಳ ಚೊಲೊ ಆತ್ರಿ. ನನಗ ನಿದ್ದಿನ ಇರಲಿಲ್ಲ," ಅಂದರು. ಅವರ ಭಯ ಅಷ್ಟಿತ್ತೆಂದು ನಮಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. ಶಿವಪ್ಪ ಒಡೆದ ಕಲ್ಲಿನ ಒಂದು ಹೋಳು ಎತ್ತಿಕೊಂಡು ತಿರುಗಿಸಿ ನೋಡಿದ. "ಬರೇ ಕಲ್ಲು," ಅಂದ. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು. ಆಮೇಲೆ ಅಕ್ಕನ ಕಡೆ ತಿರುಗಿದ.

"ವೈನಿ, ಖರೇ ಹೇಳ್ತೇನಿ. ದೇವ್ರು ಅಂದದ್ದೂ ಖರೇ, ಹೆದ್ರಿದ್ದೂ ಖರೇ. ಹಳ್ಳ ಬಂದ್ರ ನೀವು ಒಬ್ರ ಹೆಂಗ ಇರ್ತೀರಿ ಅಂತ ನನ್ನ ಎದ್ಯಾಗ ಕಲ್ಲ ಕುಂತಿತ್ತು. ಅದಕ್ಕ ದೇವ್ರ ಹೆಸರು ಸಿಕ್ತು."

"ಬುನಾದಿ ಎತ್ತರ ಮಾಡಸ್ತೇನಪ್ಪಾ. ನಾ ಏನ್ ಸಣ್ಣಾಕೀ?" ಅಂದಳು ಅಕ್ಕ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದೇಬಿಟ್ಟಿತು. ಶಿವಪ್ಪ ದಿಕ್ಕು ತೋಚದೆ, "ಬಸಣ್ಣಾ, ಎರಡ ಮೊಳ ಎತ್ತರ ಹಿಡಿ, ಹಳ್ಳ ಅಪ್ಪಿತಪ್ಪಿನೂ ಮುಟ್ಟಬಾರ್ದು," ಎಂದು ಗೌಂಡಿಯ ಮೇಲೆ ಜೋರು ಮಾಡಿದ.

ಮಧ್ಯಾಹ್ನ ಮೇಡಂರನ್ನು ಗಾಯರಾಣದ ದಂಡೆಗೆ ಕರೆದುಕೊಂಡು ಹೋದೆವು. ಜಾಲಿಕಂಟಿಯಲ್ಲಿ ಅವರ ಸೀರೆ ಹರಿಯಿತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಬೂದು ಪಟ್ಟಿಯ ಮುಂದೆ ಕೂತು, ನಾನು ಆರಿಸಿಟ್ಟಿದ್ದ ಶಂಖಗಳನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಂಡರು. ನಾನು ಹೆಸರು ಹೇಳುತ್ತ ಹೋದೆ, ಪರೀಕ್ಷೆಗೆ ಕೂತವಳ ಹಾಗೆ. ಒಂದು ಹೆಸರು ತಪ್ಪಿತು, ಅವರು ತಿದ್ದಿದರು. ಉಳಿದವಕ್ಕೆ ತಲೆಯಾಡಿಸಿದರು.

"ಗುರುತು ಸರಿ ಅದ. ಇಂಥ ಹುಳ ದಖನ್ನಿನಾಗ ಬೇರೆ ಕಡೆ ಸಿಕ್ಕಾವು, ಪೇಪರಿನಾಗ ಬರೋ ಅಷ್ಟು ದೊಡ್ಡದೇನಲ್ಲ. ಆದ್ರ ಈ ಹಳ್ಳದಾಗ ಅದಾವ ಅಂತ ನನಗ ಇವತ್ತಿನತನಕ ಯಾರೂ ಹೇಳಿರಲಿಲ್ಲ. ನೀನು ಹೇಳಿದಿ."

ಅಷ್ಟು ಸಾಕಾಗಿತ್ತು ನನಗೆ. ನಾನು ಓದಿದ್ದು ಎಲ್ಲೂ ಹೋಗಿರಲಿಲ್ಲ. ಸೋರಿಹೋಗಿದೆ ಎಂದು ಇಷ್ಟು ವರ್ಷ ಸುಮ್ಮನೆ ಕೊರಗಿದ್ದೆ. ತಲಾಟಿಯೂ ಜಾಗ ನೋಡಿ, ಇದು ಸರ್ಕಾರದ್ದೇ, ಯಾರ ತಕರಾರೂ ಇಲ್ಲ, ಇಲ್ಲಿ ಕಲ್ಲು ಒಡೆಯದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಮೇಡಂ ಆಗ ಚಹಾ ಕೇಳಿದರು. ಒಂದಲ್ಲ, ಎರಡು ಕಪ್ ಕುಡಿದರು.

ಬಸಣ್ಣ ಮರುದಿನ ಕೆಲಸಕ್ಕೆ ಬಂದ. ಗುಂಡುಕಲ್ಲುಗಳನ್ನು ಒಡೆದು ಬುನಾದಿಗೇ ತುಂಬಿದ. ಮಾಲೆ ಹಾಕಿದ್ದ ಒಂದನ್ನು ಮಾತ್ರ ಶಿವಪ್ಪ ಎತ್ತಿಕೊಂಡು ಹೋಗಿ ಬೇವಿನ ಮರದ ಕೆಳಗೆ ಇಟ್ಟ. ಇವತ್ತಿಗೂ ಸೋಮವಾರ ಹೂವು ಹಾಕುತ್ತಾನೆ. ಕಲ್ಲು ಎಂದು ಗೊತ್ತಿದ್ದೂ ಹಾಕುತ್ತಾನೆ; ಅದರಲ್ಲಿ ಯಾರದೇನು ಹೋಗುತ್ತದೆ? ಚಾಟ್ನಿ ಮುಗಿಯುವ ಹೊತ್ತಿಗೆ ಗೋಡೆ ಎದ್ದವು. ಕಾಯಿ ಕಟ್ಟುವ ಹೊತ್ತಿಗೆ ಮೇಲೆ ತಗಡು ಹೊದಿಸಿದ್ದೂ ಆಯಿತು. ಊರಿಂದ ಹೊಲದವರೆಗೆ ಕಂಬ ಹಾಕಿಸಿ ಲೈಟು ಎಳೆಸಲು ಓಡಾಡಿದವನು ಶಿವಪ್ಪನೇ.

ನಾನು ಮುಂದೆ ತಿಕೋಟಾದಿಂದ ವಿಜಯಪುರದ ಸಾಲಿಗೆ ವರ್ಗವಾದೆ. ಮಕ್ಕಳಿಗೆ ಪಾಠ ಮಾಡುವಾಗ ಈಗ ಎಡಕ್ಕೆ ತಿರುಗಿದ ಶಂಖ ಕೈಗೆ ಕೊಟ್ಟೇ ಪಾಠ ಶುರುಮಾಡುತ್ತೇನೆ.

ಮರುವರ್ಷವೂ ಸಪ್ಟೆಂಬರಿನಲ್ಲಿ ಅಂಥದೇ ಮಳೆ ಹಿಡಿಯಿತು. ಬಬಲೇಶ್ವರದ ಕಡೆ ಹಳ್ಳಗಳೆಲ್ಲ ತುಂಬಿವೆ ಎಂದು ಸುದ್ದಿ ಕೇಳಿದ್ದೇ ತಡ, ಅಕ್ಕನಿಗೆ ಫೋನು ಹಚ್ಚಿದೆ. ಎಷ್ಟೋ ಹೊತ್ತು ರಿಂಗಾದ ಮೇಲೆ ಎತ್ತಿದಳು. ಆಚೆ ನೀರಿನ ಭೋರ್ ಎಂಬ ಸದ್ದು.

"ಅಕ್ಕಾ, ಹಳ್ಳ ಎಲ್ಲಿತನಕ ಬಂದೈತಿ?"

"ಮನಿ ಪಾವಟಿಗಿಯಿಂದ ಬಾಳ ದೂರ ಐತಿ. ಶಿವಪ್ಪ ಆಗಲೇ ಎರಡ ಸಲ ಬಂದು ನೋಡಿ ಹೋದ. ನೀ ಹೆದರಬ್ಯಾಡ, ಫೋನ್ ಇಡು."

"ನೀ ಏನ್ ಮಾಡಾಕತ್ತಿ ಈಗ?"

"ಏನಿಲ್ಲ. ಚಾ ಇಟ್ಟೇನಿ," ಅಂದಳು ಅಕ್ಕ. "ಕುದಿಲಿ ಅಂತ ಕುಂತೇನಿ."